ಹವಾಮಾನ ಬದಲಾಗುತ್ತಿರುವಾಗ ಕಾಡು ನೋಡಿಕೊಳ್ಳುವುದು ಹೇಗೆ? ಗಿಡ ನೆಡುವುದಕ್ಕೂ ಮೊದಲು ಮಾಡಬೇಕಾದ ಕೆಲಸಗಳು

ಇವತ್ತು ನೆಟ್ಟ ಸಸಿ ದೊಡ್ಡ ಮರವಾಗುವುದು ಐವತ್ತು, ಅರವತ್ತು ವರ್ಷ ಕಳೆದ ಮೇಲೆ. ಆಗಿನ ಬಿಸಿಲು, ಮಳೆ, ಹುಳು, ಬೆಂಕಿ ಯಾವುದೂ ಈಗಿನ ಹಾಗೆ ಇರುವುದಿಲ್ಲ. ಕಾಡು ನೋಡಿಕೊಳ್ಳುವವರಿಗೆಲ್ಲ ಇದು ಗೊತ್ತು. ಆದರೂ ಬಹಳ ಕಡೆ ಕೆಲಸದ ಪಟ್ಟಿ ಮಾತ್ರ ಹಳೆಯದೇ ಇದೆ. ಅದೇ ಜಾತಿ, ಅದೇ ಅಂತರ, ಅದೇ ಬೀಜ, ಅದೇ ತಿಂಗಳು.

ಹವಾಮಾನ ಬದಲಾವಣೆ ಅಂದ ತಕ್ಷಣ ಎಲ್ಲರ ಬಾಯಿಗೂ ಮೊದಲು ಬರುವುದು 'ಇನ್ನಷ್ಟು ಗಿಡ ನೆಡೋಣ' ಅನ್ನುವ ಮಾತು. ನನ್ನ ಪ್ರಕಾರ ನೆಡುವುದು ಈ ಕೆಲಸದಲ್ಲಿ ಕೊನೆಯದು. ಈಗಾಗಲೇ ನಿಂತಿರುವ ಮರಗಳನ್ನು ಬದುಕಿಸಿಕೊಳ್ಳುವುದು ಮೊದಲು. ನೂರು ವರ್ಷದ ಮರವೊಂದು ಬರದಲ್ಲಿ ಒಣಗಿ ಹೋದರೆ ಅದರ ಜಾಗಕ್ಕೆ ಸಾವಿರ ಸಸಿ ತಂದಿಟ್ಟರೂ ಆ ನೆರಳು, ಆ ಬೀಜ, ಆ ಪೊಟರೆ ನಮ್ಮ ಜೀವಮಾನದಲ್ಲಿ ವಾಪಸ್ ಬರುವುದಿಲ್ಲ. ಇಲ್ಲಿ ಬರೆದಿರುವುದು ಕಾಡಿನ ಜವಾಬ್ದಾರಿ ಹೊತ್ತವರಿಗೆ. ಅದು ಸರ್ಕಾರಿ ಕಾಡಾಗಲಿ, ಸ್ವಂತದ್ದಾಗಲಿ, ಊರೊಟ್ಟಿನದ್ದಾಗಲಿ, ಕೆಲಸ ಹೆಚ್ಚು ಕಮ್ಮಿ ಒಂದೇ.

ಮೊದಲು ನಡೆದು ನೋಡಿ, ತುಂಡು ತುಂಡಾಗಿ

ಇಡೀ ಕಾಡಿಗೆ ಒಂದೇ ಯೋಜನೆ ಬರೆಯಬೇಡಿ. ಹವಾಮಾನದ ಏಟು ಎಲ್ಲ ಕಡೆ ಒಂದೇ ಥರ ಬೀಳುವುದಿಲ್ಲ. ಬಂಡೆಯ ಮೇಲೆ ಒಂದಡಿ ಮಣ್ಣಿರುವ ಗುಡ್ಡದ ತಲೆ ಮೊದಲ ಬರಕ್ಕೇ ಒಣಗುತ್ತದೆ. ಅದರ ಕೆಳಗೆ ಅರ್ಧ ಕಿಲೋಮೀಟರ್ ದೂರದ ಹಳ್ಳದ ದಂಡೆ ಅದೇ ಬರದಲ್ಲಿ ಹಸಿರಾಗೇ ಇರುತ್ತದೆ. ಹಾಗಾಗಿ ನಕ್ಷೆ ಹಿಡಿದು ನಡೆಯಿರಿ. ಮಣ್ಣು, ಇಳಿಜಾರು, ನೀರು, ಮರಗಳ ವಯಸ್ಸು, ದಟ್ಟಣೆ, ಈ ಐದರಲ್ಲಿ ಯಾವುದು ಬದಲಾದರೂ ಅಲ್ಲಿಗೆ ಒಂದು ತುಂಡು ಮುಗಿಯಿತು, ಹೊಸ ತುಂಡು ಶುರುವಾಯಿತು ಅಂತ ಗೆರೆ ಎಳೆಯಿರಿ.

ಪ್ರತಿ ತುಂಡಿನಲ್ಲೂ ಒಂದು ಗುಂಡಿ ತೋಡಿ. ಗುದ್ದಲಿ ಎಷ್ಟು ಆಳಕ್ಕೆ ಕಲ್ಲಿಗೆ ತಾಗಿತು ಅಂತ ಬರೆದುಕೊಳ್ಳಿ. ಒಂದು ಹಿಡಿ ಮಣ್ಣನ್ನು ಒದ್ದೆ ಮಾಡಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ಪಟ್ಟಿಯ ಹಾಗೆ ಹೊರಗೆ ತಳ್ಳಿ. ಪಟ್ಟಿ ಬರದೆ ಉದುರಿದರೆ ಮರಳು ಜಾಸ್ತಿ, ನೀರು ನಿಲ್ಲುವುದಿಲ್ಲ. ನಾಲ್ಕೈದು ಸೆಂಟಿಮೀಟರ್ ಉದ್ದ ಬಂದು ಆಮೇಲೆ ಮುರಿದರೆ ಜೇಡಿ ಇದೆ. ದುಡ್ಡು ಖರ್ಚಿಲ್ಲದ ಈ ಪರೀಕ್ಷೆ ಬರಗಾಲದಲ್ಲಿ ಯಾವ ತುಂಡು ಮೊದಲು ಕೈಕೊಡುತ್ತದೆ ಅನ್ನುವುದನ್ನು ಸುಮಾರಾಗಿ ಮೊದಲೇ ಹೇಳುತ್ತದೆ.

ನಡೆಯುವಾಗಲೇ ತಂಪಿನ ಜಾಗಗಳನ್ನು ಗುರುತು ಮಾಡಿಕೊಳ್ಳಿ. ಬೇಸಿಗೆಯಲ್ಲೂ ಬತ್ತದ ಒರತೆ, ಆಳವಾದ ಕಣಿವೆ, ಬಿಸಿಲು ಕಮ್ಮಿ ಬೀಳುವ ಇಳಿಜಾರು. ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರು ತಂಪು, ದಕ್ಷಿಣ ಗೋಳಾರ್ಧದಲ್ಲಿ ಅದು ಉಲ್ಟಾ. ಸುತ್ತಲಿನ ಕಾಡು ಕಷ್ಟಕ್ಕೆ ಸಿಕ್ಕಾಗ ಎಷ್ಟೋ ಜಾತಿಗಳು ಉಳಿದುಕೊಳ್ಳುವುದು ಇಂಥ ಕಡೆ. ಇಲ್ಲಿಗೆ ರಸ್ತೆ ಮಾಡಬೇಡಿ, ಇಲ್ಲಿನ ದೊಡ್ಡ ಮರ ಕಡಿಯಬೇಡಿ. ಇದೊಂದು ನಿಯಮಕ್ಕೆ ವಿನಾಯಿತಿ ಇಟ್ಟುಕೊಳ್ಳದಿದ್ದರೆ ಒಳ್ಳೆಯದು.

ತಡೆಯುವುದೋ, ಚೇತರಿಸಿಕೊಳ್ಳಲು ಬಿಡುವುದೋ, ಬದಲಾಗಲು ಬಿಡುವುದೋ

2007ರಲ್ಲಿ ಅಮೆರಿಕದ ಕಾನ್‌ಸ್ಟನ್ಸ್ ಮಿಲ್ಲರ್, ನೇಥನ್ ಸ್ಟೀಫನ್ಸನ್ ಮತ್ತು ಸ್ಕಾಟ್ ಸ್ಟೀಫನ್ಸ್ ಅನ್ನುವ ಮೂವರು ವಿಜ್ಞಾನಿಗಳು ಒಂದು ಸರಳ ವಿಂಗಡಣೆ ಕೊಟ್ಟರು. ಆಮೇಲೆ ಬಂದ ಬಹಳಷ್ಟು ಅರಣ್ಯ ಯೋಜನೆಗಳು ಅದರ ಮೇಲೇ ನಿಂತಿವೆ. ಒಂದು ತುಂಡು ಕಾಡಿಗೆ ನೀವು ಮೂರರಲ್ಲಿ ಒಂದು ಮಾಡಬಹುದು. ಬದಲಾವಣೆಯನ್ನೇ ತಡೆದು ಇದ್ದದ್ದನ್ನು ಇದ್ದ ಹಾಗೇ ಉಳಿಸಿಕೊಳ್ಳುವುದು ಒಂದು. ಏಟು ತಿಂದರೂ ಮತ್ತೆ ಏಳುವ ಶಕ್ತಿ ಬರುವ ಹಾಗೆ ಮಾಡುವುದು ಎರಡು. ಹೊಸ ಹವಾಮಾನಕ್ಕೆ ಒಗ್ಗುವ ಬೇರೆ ಥರದ ಕಾಡಾಗಿ ಬದಲಾಗಲು ನೀವೇ ಕೈಹಿಡಿದು ನಡೆಸುವುದು ಮೂರು.

ತಡೆಯುವುದಕ್ಕೆ ಕಣ್ಣಿಗೆ ಕಟ್ಟುವ ಉದಾಹರಣೆ 2021ರ ಸೆಪ್ಟೆಂಬರ್‌ನದ್ದು. ಕ್ಯಾಲಿಫೋರ್ನಿಯಾದ ಸೆಕ್ವೊಯಾ ನ್ಯಾಷನಲ್ ಪಾರ್ಕಿಗೆ ಕಾಳ್ಗಿಚ್ಚು ಹತ್ತಿರ ಬಂದಾಗ ಅಲ್ಲಿನ ಸಿಬ್ಬಂದಿ ಜನರಲ್ ಶೆರ್ಮನ್ ಅನ್ನುವ ದೈತ್ಯ ಸೆಕ್ವೊಯಾ ಮರದ ಬುಡಕ್ಕೆ ಬೆಂಕಿ ತಡೆಯುವ ಅಲ್ಯೂಮಿನಿಯಂ ಹೊದಿಕೆ ಸುತ್ತಿದರು. ಮರ ಉಳಿಯಿತು. ಆದರೆ 2020 ಮತ್ತು 2021ರ ಬೆಂಕಿಗಳಲ್ಲಿ ಪ್ರಪಂಚದ ದೊಡ್ಡ ಸೆಕ್ವೊಯಾಗಳಲ್ಲಿ ಶೇ. 13ರಿಂದ 19ರಷ್ಟು ಸತ್ತವು ಅಂತ ಅಂದಾಜು ಮಾಡಿದ್ದಾರೆ. ಮರಕ್ಕೆ ಹೊದಿಕೆ ಸುತ್ತುವ ಕೆಲಸ ಎಷ್ಟು ಮರಕ್ಕೆ ಸಾಧ್ಯ, ಹೇಳಿ. ತಡೆಯುವ ದಾರಿಗೆ ಕೂಲಿ, ದುಡ್ಡು, ಕಾವಲು ಎಲ್ಲ ಜಾಸ್ತಿ ಬೇಕು, ವರ್ಷ ಕಳೆದ ಹಾಗೆ ಇನ್ನೂ ಜಾಸ್ತಿ ಬೇಕು. ಅದಕ್ಕೇ ಇದನ್ನು ನಿಜವಾಗಿ ಬೆಲೆಬಾಳುವ ಸಣ್ಣ ತುಂಡುಗಳಿಗೆ ಮಾತ್ರ ಇಟ್ಟುಕೊಳ್ಳಿ.

ಮೂರನ್ನೂ ಅಕ್ಕಪಕ್ಕ ಇಟ್ಟು ನೋಡುವ ಪ್ರಯೋಗವೂ ನಡೆದಿದೆ. ಅಮೆರಿಕದ ಮಿನ್ನೆಸೋಟದಲ್ಲಿ, ಕೆಂಪು ಪೈನ್ ಕಾಡಿನಲ್ಲಿ, ಒಂದೊಂದು ತುಂಡಿಗೆ ಒಂದೊಂದು ದಾರಿ ಹಿಡಿದು, ಒಂದನ್ನು ಏನೂ ಮಾಡದೆ ಬಿಟ್ಟು, ಪಕ್ಕಪಕ್ಕದಲ್ಲೇ ಅಳೆಯುತ್ತಿದ್ದಾರೆ. ಬದಲಾಗಲು ಬಿಟ್ಟ ತುಂಡುಗಳಲ್ಲಿ ಅಲ್ಲಿ ಸಹಜವಾಗಿ ಬೆಳೆಯದ ಪಾಂಡೆರೋಸ ಪೈನ್ ಕೂಡ ನೆಟ್ಟಿದ್ದಾರೆ. ನಿಮ್ಮ ಕಾಡಿನಲ್ಲೂ ಇದೇ ಕ್ರಮವನ್ನು ಸಣ್ಣ ಮಟ್ಟದಲ್ಲಿ ಮಾಡಬಹುದು. ಮುಂದೆ ಏನಾಗುತ್ತದೆ ಅಂತ ಖಚಿತವಾಗಿ ಗೊತ್ತಿಲ್ಲದಾಗ ಎಲ್ಲವನ್ನೂ ಒಂದೇ ಊಹೆಯ ಮೇಲೆ ಕಟ್ಟಬಾರದು.

ಈಗ ಪ್ರತಿ ತುಂಡಿಗೂ ಎರಡು ಸಾಲು ಬರೆಯಿರಿ. ಇಲ್ಲಿ ಏನು ಉಳಿಯಬೇಕು? ಯಾವ ದಾರಿ? 'ಈ ಹಳ್ಳದ ದಂಡೆಯಲ್ಲಿ ವರ್ಷವಿಡೀ ನೆರಳು ಉಳಿಯಬೇಕು, ಜಾತಿ ಬದಲಾದರೂ ಪರವಾಗಿಲ್ಲ' ಅಂತ ಬರೆದರೆ ಮುಂದಿನ ಕೆಲಸವೆಲ್ಲ ಸುಲಭ. 'ಕಾಡಿನ ಆರೋಗ್ಯ ಕಾಪಾಡುವುದು' ಅಂತ ಬರೆದರೆ ಅದರಿಂದ ಗುದ್ದಲಿ ಹಿಡಿದವನಿಗೆ ಏನೂ ತಿಳಿಯುವುದಿಲ್ಲ.

ಮರ ಕಮ್ಮಿ ಮಾಡುವುದು: ಎಲ್ಲರೂ ಹಿಂಜರಿಯುವ ಕೆಲಸ

ಬರಕ್ಕೆ ಮರ ಸಾಯುವುದು ಮಳೆ ಕಮ್ಮಿಯಾಯಿತು ಅಂತ ಮಾತ್ರ ಅಲ್ಲ. ಇರುವ ನೀರನ್ನು ಹಂಚಿಕೊಳ್ಳುವ ಮರಗಳು ಜಾಸ್ತಿಯಾದವು ಅಂತಲೂ ಹೌದು. ಬಿಸಿ ಜಾಸ್ತಿಯಾದ ಹಾಗೆ ಗಾಳಿ ಎಲೆಗಳಿಂದ ಎಳೆದುಕೊಳ್ಳುವ ನೀರೂ ಜಾಸ್ತಿ. ಹಾಗಾಗಿ ಮಳೆ ಅಷ್ಟೇ ಬಿದ್ದರೂ ಮೊದಲಿನಷ್ಟು ಮರಗಳನ್ನು ಆ ನೆಲ ಸಾಕಲಾರದು.

ಕ್ಯಾಲಿಫೋರ್ನಿಯಾದಲ್ಲಿ ಇದು ಭಯಂಕರವಾಗಿ ಕಾಣಿಸಿತು. ಅಲ್ಲಿನ ಒಣ ಕಾಡುಗಳಲ್ಲಿ ನೂರು ವರ್ಷ ಬೆಂಕಿಯನ್ನೆಲ್ಲ ಆರಿಸುತ್ತಾ ಬಂದಿದ್ದರಿಂದ ಸಣ್ಣ ಮರಗಳು ಕಿಕ್ಕಿರಿದು ಬೆಳೆದಿದ್ದವು. 2012ರಿಂದ 2016ರವರೆಗೆ ಬರ ಬಂತು, ಹಿಂದೆಯೇ ತೊಗಟೆ ಕೊರೆದು ಒಳಗೆ ಮರಿ ಮಾಡುವ ತೊಗಟೆ ದುಂಬಿ ಬಂತು. 2010ರಿಂದ 2017ರವರೆಗೆ ಸತ್ತ ಮರಗಳ ಲೆಕ್ಕವನ್ನು ಅಮೆರಿಕದ ಅರಣ್ಯ ಸೇವೆ 12.9 ಕೋಟಿ ಅಂತ ಕೊಟ್ಟಿತು.

ಥಿನ್ನಿಂಗ್ ಅಂದರೆ ಕಿಕ್ಕಿರಿದ ಕಡೆ ಕೆಲವು ಮರ ತೆಗೆದು ಉಳಿದವಕ್ಕೆ ಜಾಗ ಮಾಡುವುದು. ಅದನ್ನು ಮಾಡುವಾಗ ಯಾವ ಮರ ತೆಗೆಯಬೇಕು ಅನ್ನುವುದಕ್ಕಿಂತ ಯಾವ ಮರ ಉಳಿಯಬೇಕು ಅಂತ ಮೊದಲು ತೀರ್ಮಾನ ಮಾಡಿ, ಆ ಮರಗಳಿಗೆ ಬಣ್ಣ ಹಚ್ಚಿ. ಅವಕ್ಕೆ ಅಡ್ಡಿ ಮಾಡುವ ಮರಗಳನ್ನಷ್ಟೇ ಆಮೇಲೆ ತೆಗೆಯಿರಿ. ಉಳಿಸುವ ಮರವನ್ನು ಗುರುತಿಸುವುದಕ್ಕೆ ಎರಡು ಅಂಶ ನೋಡಿ. ಒಂದು, ಹಸಿರು ಕೊಂಬೆಗಳ ಭಾಗ ಮರದ ಎತ್ತರದಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಇರಲಿ. ತುದಿಯಲ್ಲಿ ಮಾತ್ರ ಒಂದು ಹಿಡಿ ಎಲೆ ಉಳಿದಿರುವ ಮರಕ್ಕೆ ಜಾಗ ಕೊಟ್ಟರೂ ಅದು ಬೇಗ ಚೇತರಿಸಿಕೊಳ್ಳುವುದಿಲ್ಲ. ಎರಡು, ಎತ್ತರ, ದಪ್ಪ ಎರಡನ್ನೂ ಒಂದೇ ಅಳತೆಯಲ್ಲಿಟ್ಟು, ಎತ್ತರವನ್ನು ದಪ್ಪದಿಂದ ಭಾಗಿಸಿ ನೋಡಿ. ಇಪ್ಪತ್ತು ಮೀಟರ್ ಎತ್ತರದ ಮರ ಎದೆಮಟ್ಟದಲ್ಲಿ ಇಪ್ಪತ್ತೈದು ಸೆಂಟಿಮೀಟರ್ ಅಡ್ಡಳತೆ ಇದ್ದರೆ 80 ಬರುತ್ತದೆ. ಪೈನ್, ಸ್ಪ್ರೂಸ್‌ನಂಥ ಸೂಜಿಎಲೆಯ ಮರಗಳಲ್ಲಿ ಈ ಸಂಖ್ಯೆ 80ರ ಒಳಗಿದ್ದರೆ ಮರ ಗಾಳಿಗೆ ಸುಮಾರಾಗಿ ನಿಲ್ಲುತ್ತದೆ. 100 ದಾಟಿತು ಅಂದರೆ ಅದು ಅಕ್ಕಪಕ್ಕದ ಮರಗಳ ಆಸರೆಯಲ್ಲಿ ಮಾತ್ರ ನಿಂತಿದೆ.

ಇಲ್ಲೇ ಒಂದು ಎಚ್ಚರಿಕೆ. ಹಲವು ವರ್ಷ ಮುಟ್ಟದೆ ಬಿಟ್ಟ ತೋಪಿಗೆ ಒಂದೇ ಸಲ ಹೋಗಿ ಅರ್ಧ ಮರ ತೆಗೆದರೆ ಉಳಿದ ಸಣಕಲು ಮರಗಳೆಲ್ಲ ಮುಂದಿನ ಬಿರುಗಾಳಿಗೆ ಮಲಗುತ್ತವೆ. ಸ್ವೀಡನ್ನಿನಲ್ಲಿ 2005ರ ಜನವರಿಯಲ್ಲಿ ಗುಡ್ರುನ್ ಬಿರುಗಾಳಿ ಒಂದೇ ಏಟಿಗೆ ಸುಮಾರು 7.5 ಕೋಟಿ ಘನ ಮೀಟರ್ ಮರ ಉರುಳಿಸಿತು, ಅದರಲ್ಲಿ ಬಹುಪಾಲು ಸ್ಪ್ರೂಸ್. ಆದ್ದರಿಂದ ಥಿನ್ನಿಂಗ್ ಬೇಗ ಶುರು ಮಾಡಿ, ಸ್ವಲ್ಪ ಸ್ವಲ್ಪ ಮಾಡಿ, ಮರಗಳು ಎಳೆಯದಾಗಿ ಬೇರು ಬಿಡುತ್ತಿರುವಾಗಲೇ ಮಾಡಿ. ತಡವಾಗಿದ್ದರೆ ಒಂದೇ ಸಲಕ್ಕೆ ಜಾಸ್ತಿ ತೆಗೆಯದೆ, ನಡುವೆ ಕೆಲವು ವರ್ಷ ಬಿಟ್ಟು ಎರಡು ಮೂರು ಕಂತಿನಲ್ಲಿ ತೆಗೆಯಿರಿ. ಕಾಡಿನ ಗಾಳಿಮುಖದ ಅಂಚನ್ನು ಮಾತ್ರ ಮುಟ್ಟಬೇಡಿ, ಅಲ್ಲಿನ ಮರಗಳು ಗಾಳಿಗೆ ಪಳಗಿರುತ್ತವೆ, ಒಳಗಿನವಕ್ಕೆ ಅವೇ ಗೋಡೆ.

ಇನ್ನೊಂದು ವಿಷಯ. ಯಾವಾಗಲೂ ಹಸಿರಾಗಿ, ತೇವವಾಗಿ ಇರುವ ಮಳೆಕಾಡಿಗೆ ಈ ಸಲಹೆ ಅನ್ವಯಿಸುವುದಿಲ್ಲ. ಅಲ್ಲಿ ಮೇಲಿನ ಚಪ್ಪರ ತೆರೆದರೆ ಬಿಸಿಲು ನೆಲಕ್ಕೆ ಬಿದ್ದು, ತರಗೆಲೆ ಒಣಗಿ, ಹಿಂದೆಂದೂ ಬೆಂಕಿ ಕಾಣದ ಕಾಡಿಗೆ ಬೆಂಕಿ ಹತ್ತುವ ಹಾಗಾಗುತ್ತದೆ. ಅಂಥ ಕಡೆ ಚಪ್ಪರ ಮುಚ್ಚಿರುವ ಹಾಗೆ ನೋಡಿಕೊಳ್ಳುವುದೇ ಕೆಲಸ.

ಬೆಂಕಿಯ ಜೊತೆ ಕೆಲಸ ಮಾಡುವುದು

ಕೆಲವು ಕಾಡುಗಳು ಸಾವಿರಾರು ವರ್ಷದಿಂದ ಸಣ್ಣ ಬೆಂಕಿಯ ಜೊತೆಗೇ ಬೆಳೆದಿವೆ. ಅಲ್ಲಿ ಪ್ರತಿಯೊಂದು ಬೆಂಕಿಯನ್ನೂ ಆರಿಸುತ್ತಾ ಹೋದರೆ ಒಣ ಹುಲ್ಲು, ಕಡ್ಡಿ, ಕುರುಚಲು ಎಲ್ಲ ಸೇರಿ ಕೊನೆಗೊಂದು ದಿನ ಆರಿಸಲಾಗದ ಬೆಂಕಿ ಬರುತ್ತದೆ. ಸೆಕ್ವೊಯಾ ಮತ್ತು ಕಿಂಗ್ಸ್ ಕ್ಯಾನ್ಯನ್ ಪಾರ್ಕ್‌ಗಳಲ್ಲಿ 1960ರ ದಶಕದ ಕೊನೆಯಿಂದಲೇ ನಿಯಂತ್ರಿತ ಬೆಂಕಿ ಹಾಕುತ್ತಿದ್ದಾರೆ. ಆಸ್ಟ್ರೇಲಿಯಾದ ಉತ್ತರದ ಅರ್ನ್‌ಹೆಮ್ ಲ್ಯಾಂಡಿನಲ್ಲಿ ಅಲ್ಲಿನ ಮೂಲನಿವಾಸಿಗಳು ಒಣಗಾಲ ಶುರುವಾಗುವಾಗಲೇ, ನೆಲದಲ್ಲಿ ತೇವ ಇರುವಾಗಲೇ, ಸಣ್ಣ ಸಣ್ಣ ತೇಪೆಗಳಾಗಿ ಸುಡುವ ಹಳೆಯ ಪದ್ಧತಿಯನ್ನು ಮತ್ತೆ ದೊಡ್ಡ ಮಟ್ಟದಲ್ಲಿ ಶುರು ಮಾಡಿದರು. ಇದಕ್ಕಾಗಿ 2006ರಲ್ಲಿ ದೊಡ್ಡ ಯೋಜನೆಯೇ ಬಂತು. ಬೇಗ ಸುಟ್ಟ ತೇಪೆಗಳು ಒಣಗಾಲದ ಕೊನೆಯಲ್ಲಿ ಬರುವ ಉರಿಬೆಂಕಿಗೆ ಅಡ್ಡ ನಿಲ್ಲುತ್ತವೆ.

ನಿಯಂತ್ರಿತ ಬೆಂಕಿ ಹಾಕುವ ಅಧಿಕಾರ ಮತ್ತು ತರಬೇತಿ ಇರುವವರು ಮಾತ್ರ ಇದಕ್ಕೆ ಕೈಹಾಕಬೇಕು. ಅನುಮತಿ ಇಲ್ಲದೆ ಒಂದು ಕಡ್ಡಿಯನ್ನೂ ಗೀರಬೇಡಿ. ಹವಾಮಾನ ಬದಲಾಗಿರುವುದರಿಂದ ಇಲ್ಲಿ ಬದಲಾಯಿಸಬೇಕಾದ ಅಭ್ಯಾಸ ಒಂದಿದೆ. ತಾರೀಖು ನೋಡಿ ಬೆಂಕಿ ಹಾಕುವುದನ್ನು ಬಿಡಬೇಕು. 'ನಾವು ಪ್ರತಿ ವರ್ಷ ಇದೇ ವಾರ ಸುಡುವುದು' ಅನ್ನುವ ಲೆಕ್ಕ ಈಗ ನಡೆಯುವುದಿಲ್ಲ. ಗಾಳಿಯ ತೇವ, ಗಾಳಿಯ ವೇಗ, ಕಡ್ಡಿಯ ಒಣಗು, ಮುಂದಿನ ಕೆಲವು ದಿನದ ಮುನ್ಸೂಚನೆ, ಇವು ನಿಗದಿ ಮಾಡಿದ ಮಿತಿಯೊಳಗೆ ಇದ್ದ ದಿನವೇ ಬೆಂಕಿಯ ದಿನ. ಇಲ್ಲದಿದ್ದರೆ ಆಳು, ಗಾಡಿ, ನೀರು ಎಲ್ಲ ಸಿದ್ಧವಿದ್ದರೂ ವಾಪಸ್ ಹೋಗಬೇಕು.

ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ 2022ರಲ್ಲಿ ನಡೆದದ್ದನ್ನು ಈ ಕೆಲಸ ಮಾಡುವವರೆಲ್ಲ ತಿಳಿದಿರಬೇಕು. ಅಲ್ಲಿ ಎರಡು ಬೆಂಕಿಗಳು ಕೂಡಿಕೊಂಡು ಸುಮಾರು 1.38 ಲಕ್ಷ ಹೆಕ್ಟೇರ್ ಸುಟ್ಟವು. ಎರಡೂ ಶುರುವಾಗಿದ್ದು ಅರಣ್ಯ ಸೇವೆಯವರು ಹಾಕಿದ ಬೆಂಕಿಯಿಂದಲೇ. ಒಂದು, ಏಪ್ರಿಲ್‌ನ ಗಾಳಿಗೆ ಕೈಮೀರಿತು. ಇನ್ನೊಂದು, ಜನವರಿಯಲ್ಲಿ ಸುಟ್ಟ ಕಟ್ಟಿಗೆ ರಾಶಿ. ಅದು ಹಿಮದ ಕೆಳಗೂ ಒಳಗೊಳಗೇ ಹೊಗೆಯಾಡುತ್ತಾ ಇದ್ದು ಏಪ್ರಿಲ್‌ನಲ್ಲಿ ಎದ್ದಿತು. ಆದ್ದರಿಂದ ಸುಟ್ಟ ರಾಶಿ ಆರಿದೆ ಅಂತ ಕಣ್ಣಲ್ಲಿ ನೋಡಿ ನಂಬಬೇಡಿ. ಮೊದಲು ಅಂಗೈಯ ಹಿಂಬದಿಯನ್ನು ಬೂದಿಯ ಮೇಲೆ ಸ್ವಲ್ಪ ಎತ್ತರದಲ್ಲಿ ಹಿಡಿದು ಶಾಖ ನೋಡಿ, ಆಮೇಲೆ ಗುದ್ದಲಿಯಿಂದ ಬಗೆದು, ಬೇರಿನ ಗುಂಟ ಹೋಗಿ, ನೀರು ಬೆರೆಸಿ ಕಲಸಿ, ತಣ್ಣಗಾಗುವವರೆಗೂ ಬಿಡಬೇಡಿ. ವಾರ ಬಿಟ್ಟು ಮತ್ತೆ ಹೋಗಿ. ಗಾಳಿ ಜೋರಾಗುವ ಕಾಲಕ್ಕೆ ಮುಂಚೆ ಇನ್ನೊಮ್ಮೆ ಹೋಗಿ.

ಬೆಂಕಿ ಹಾಕಲು ಆಗದ ಕಡೆ ಕೆಳಗಿನ ಕೊಂಬೆ ಸವರುವುದು, ಕುರುಚಲು ತೆಗೆಯುವುದು ದೊಡ್ಡ ಕೆಲಸ. ನೆಲದ ಬೆಂಕಿ ಕುರುಚಲು ಹಿಡಿದು, ಕೆಳಗಿನ ಕೊಂಬೆ ಹಿಡಿದು, ಮರದ ತುದಿಗೆ ಏಣಿ ಹತ್ತುವ ಹಾಗೆ ಹತ್ತುತ್ತದೆ. ಆ ಮೆಟ್ಟಿಲುಗಳನ್ನು ತೆಗೆದುಬಿಡಿ. ಕಡಿದ ಸೊಪ್ಪುಸದೆಯನ್ನು ಅಲ್ಲೇ ಬಿಟ್ಟು ಬರುವುದಾದರೆ ಮಾತ್ರ ಸವರುವುದೇ ಬೇಡ, ಏಕೆಂದರೆ ಆ ಒಣ ಸದೆಯಿಂದ ಬೆಂಕಿ ಮೊದಲಿಗಿಂತ ಜೋರಾಗುತ್ತದೆ.

ಹುಳು ಬರುವ ಮೊದಲೇ ಹುಳು ಹುಡುಕುವುದು

ಚಳಿ ಕಮ್ಮಿಯಾದರೆ ಹುಳುವಿಗೆ ಲಾಭ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಪೈನ್ ದುಂಬಿಯ ಮರಿಗಳನ್ನು ಚಳಿಗಾಲದ ಮೈನಸ್ 40 ಡಿಗ್ರಿಯ ಕೊರೆಯುವ ಚಳಿ ಕೊಲ್ಲುತ್ತಿತ್ತು. ಅಂಥ ಚಳಿ ಅಪರೂಪವಾದ ಮೇಲೆ 1990ರ ದಶಕದಿಂದ ಶುರುವಾದ ಹಾವಳಿ 1.8 ಕೋಟಿ ಹೆಕ್ಟೇರಿಗೂ ಹೆಚ್ಚು ಕಾಡಿಗೆ ಹಬ್ಬಿತು. ಯೂರೋಪಿನ ಸ್ಪ್ರೂಸ್ ದುಂಬಿ ವರ್ಷಕ್ಕೆ ಒಂದೋ ಎರಡೋ ಪೀಳಿಗೆ ಬೆಳೆಯುತ್ತಿದ್ದ ಕಡೆ, ಬೇಸಿಗೆ ಉದ್ದವಾದ ವರ್ಷ ಮೂರು ಪೀಳಿಗೆ ಬೆಳೆಯುತ್ತದೆ. ಜರ್ಮನಿಯಲ್ಲಿ 2018ರಿಂದ 2021ರ ಏಪ್ರಿಲ್‌ವರೆಗೆ ಸುಮಾರು 5 ಲಕ್ಷ ಹೆಕ್ಟೇರ್ ಕಾಡಿನ ಚಪ್ಪರ ಹೋಯಿತು ಅಂತ ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕಿದ್ದಾರೆ. ಬರ ಮತ್ತು ದುಂಬಿ ಸೇರಿ ಮಾಡಿದ ಕೆಲಸ ಅದು. ಹೋದದ್ದರಲ್ಲಿ ಹೆಚ್ಚಿನದು ಒಂದೇ ಜಾತಿಯ ಸ್ಪ್ರೂಸ್ ತೋಪುಗಳು.

ಎಲೆ ಕೆಂಪಾದ ಮೇಲೆ ಕಂಡರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ದುಂಬಿ ಪಕ್ಕದ ಮರಕ್ಕೆ ಹಾರಿರುತ್ತದೆ. ಮರ ಇನ್ನೂ ಹಸಿರಾಗಿರುವಾಗಲೇ ಬುಡಕ್ಕೆ ಹೋಗಿ ನೋಡಬೇಕು. ತೊಗಟೆಯ ಸಂದಿಯಲ್ಲಿ, ಬುಡದ ಬೇರಿನ ಮೇಲೆ, ಜೇಡರ ಬಲೆಯಲ್ಲಿ ಕಂದು ಬಣ್ಣದ ನುಣ್ಣನೆ ಪುಡಿ ಕಂಡರೆ ಒಳಗೆ ದುಂಬಿ ಇದೆ ಅಂತ ಅರ್ಥ. ಮಳೆ ಬಂದರೆ ಈ ಪುಡಿ ತೊಳೆದುಹೋಗುತ್ತದೆ, ಹಾಗಾಗಿ ಒಣ ದಿನದಲ್ಲೇ ನೋಡಿ. ಅಂಟು ಸೋರಿದ ಗುರುತು, ನೆಲದ ಮೇಲೆ ಉದುರಿದ ಹಸಿರು ಸೂಜಿಎಲೆ, ಮರಕುಟಿಗ ಕಿತ್ತುಹಾಕಿದ ತೊಗಟೆ ಚಕ್ಕೆ, ಇವೂ ಸುಳಿವುಗಳೇ. ಸಿಕ್ಕ ಮರವನ್ನು ಮರಿಗಳು ಹಾರುವ ಮೊದಲೇ ಕಡಿದು ಕಾಡಿನಿಂದ ಸಾಗಿಸಬೇಕು, ಇಲ್ಲ ತೊಗಟೆ ಸುಲಿದು ಹಾಕಬೇಕು. ಬಿಸಿ ಬೇಸಿಗೆಯಲ್ಲಿ ಇದಕ್ಕೆ ಕೆಲವೇ ವಾರ ಸಿಗುತ್ತದೆ. ಗಾಳಿಗೆ ಬಿದ್ದ ಹಸಿ ಮರಗಳನ್ನು ಇನ್ನೂ ಬೇಗ ನೋಡಿಕೊಳ್ಳಿ, ದುಂಬಿ ಮೊದಲು ಕೂರುವುದೇ ಅಲ್ಲಿ.

ಹಾಗಂತ ಸತ್ತ ಮರವನ್ನೆಲ್ಲ ಎತ್ತಿಹಾಕಬೇಡಿ. ತೊಗಟೆ ಉದುರಿದ ಹಳೆಯ ಒಣಮರದಲ್ಲಿ ಆ ದುಂಬಿ ಇರುವುದಿಲ್ಲ, ದುಂಬಿಯನ್ನು ತಿನ್ನುವವು ಇರುತ್ತವೆ.

ನೀರು ಮತ್ತು ರಸ್ತೆ

ಮಳೆ ಬಂದರೆ ಒಟ್ಟಿಗೇ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಕಾಡಿನ ರಸ್ತೆಯ ಮೋರಿಗಳನ್ನು ಹಿಂದಿನ ಮಳೆಯ ಲೆಕ್ಕದಲ್ಲಿ ಹಾಕಿರುತ್ತಾರೆ. ಬದಲಾಯಿಸುವ ಅವಕಾಶ ಬಂದಾಗಲೆಲ್ಲ ಅಗಲ ಜಾಸ್ತಿ ಮಾಡಿ. ಬೇಡವಾದ ರಸ್ತೆಯನ್ನು ಮುಚ್ಚಿಬಿಡಿ, ಅದು ಮಳೆಗಾಲದಲ್ಲಿ ಹಳ್ಳವಾಗುತ್ತದೆ. ನೆಲ ಗಟ್ಟಿಯಾಗಿರುವ ದಿನಗಳಲ್ಲಿ ಮಾತ್ರ ಭಾರದ ಯಂತ್ರ ಇಳಿಸಿ. ಶೀತ ದೇಶಗಳಲ್ಲಿ ನೆಲ ಹೆಪ್ಪುಗಟ್ಟುವ ದಿನಗಳು ಕಮ್ಮಿಯಾಗುತ್ತಿವೆ, ಹಾಗಾಗಿ ಅಲ್ಲಿನವರು ಯಂತ್ರ ಓಡಾಡುವ ದಾರಿಗೆ ಕೊಂಬೆಗಳ ಹಾಸು ಹಾಕಿ ಮಣ್ಣು ಅಮುಕದ ಹಾಗೆ ನೋಡಿಕೊಳ್ಳುತ್ತಾರೆ.

ಜೌಗು ಕಾಡುಗಳಲ್ಲಂತೂ ನೀರೇ ಎಲ್ಲ. ಇಂಡೋನೇಷ್ಯಾದ ಪೀಟ್ ನೆಲದಲ್ಲಿ, ಅಂದರೆ ಪೂರ್ತಿ ಕೊಳೆಯದ ಗಿಡಮರಗಳ ಉಳಿಕೆ ಸೇರಿ ಆದ ಜೌಗು ಮಣ್ಣಿನಲ್ಲಿ, ಕಾಲುವೆ ತೋಡಿ ನೀರು ಬಸಿದ ಮೇಲೆ ಮಣ್ಣೇ ಹೊತ್ತಿ ಉರಿಯಿತು. ಈಗ ಅಲ್ಲಿ ಕಾಲುವೆಗಳಿಗೆ ಕಟ್ಟೆ ಹಾಕಿ ನೀರು ನಿಲ್ಲಿಸುತ್ತಿದ್ದಾರೆ, ನೆಲದ ನೀರು ಮೇಲ್ಮೈಯಿಂದ 40 ಸೆಂಟಿಮೀಟರಿಗಿಂತ ಕೆಳಗೆ ಇಳಿಯಬಾರದು ಅಂತ ನಿಯಮವಿದೆ. ಮ್ಯಾಂಗ್ರೋವ್ ಕಾಡಿನಲ್ಲೂ ಅಷ್ಟೇ. ಉಬ್ಬರದ ನೀರು ಬಂದು ಹೋಗುವ ದಾರಿ ಸರಿಮಾಡಿದರೆ ಬೀಜ ತಾನೇ ಬಂದು ನೆಲೆಯೂರುತ್ತದೆ. ದಾರಿ ಸರಿಮಾಡದೆ ಕೆಸರಿನಲ್ಲಿ ಸಸಿ ಚುಚ್ಚುತ್ತಾ ಹೋದರೆ ಉಳಿಯುವುದು ಬಹಳ ಕಮ್ಮಿ. ಸಮುದ್ರ ಏರುತ್ತಿದೆ, ಹಾಗಾಗಿ ಮ್ಯಾಂಗ್ರೋವ್ ಒಳನಾಡಿನ ಕಡೆ ಸರಿಯಲು ಹಿಂದೆ ಖಾಲಿ ಜಾಗ ಬಿಡಬೇಕು.

ಈಗ ಬೀಜ, ಆಮೇಲೆ ಸಸಿ

ಮೊದಲು ಕಾಡು ತಾನೇ ಹುಟ್ಟುತ್ತಿದೆಯಾ ಅಂತ ನೋಡಿ. ನೆಲದಲ್ಲಿ ಎರಡು ಮೂರು ಜಾತಿಯ ಸಹಜ ಸಸಿ ಸಾಕಷ್ಟಿದ್ದರೆ, ಅವುಗಳ ಸುತ್ತ ಕಳೆ ತೆಗೆದು, ದನ ಅಥವಾ ಜಿಂಕೆ ಮೇಯದ ಹಾಗೆ ಬೇಲಿ ಹಾಕಿದರೆ ಅರ್ಧ ಕೆಲಸ ಮುಗಿಯಿತು. ಆ ಸಸಿಗಳು ಅಲ್ಲಿನ ಈಗಿನ ಬಿಸಿಲಿನಲ್ಲೇ ಮೊಳೆತು ಗೆದ್ದವು. ನರ್ಸರಿಯಲ್ಲಿ ನೀರು ಕುಡಿದು ಬೆಳೆದವಕ್ಕೆ ಆ ಪರೀಕ್ಷೆ ಆಗಿರುವುದಿಲ್ಲ.

ನೆಡಲೇಬೇಕಾದರೆ ಬೀಜ ಎಲ್ಲಿಂದ ಬಂತು ಅನ್ನುವುದು ಜಾತಿಯಷ್ಟೇ ಮುಖ್ಯ. ಒಂದೇ ಜಾತಿಯ ಮರ ತಂಪು ಗುಡ್ಡದಲ್ಲೂ ಇರುತ್ತದೆ, ಬಿಸಿ ಬಯಲಿನಲ್ಲೂ ಇರುತ್ತದೆ, ಎರಡರ ಸ್ವಭಾವ ಬೇರೆ. ಹಿಂದೆಲ್ಲ 'ಹತ್ತಿರದ ಬೀಜವೇ ಒಳ್ಳೆಯದು' ಅನ್ನುವುದು ನಿಯಮವಾಗಿತ್ತು. ಬ್ರಿಟಿಷ್ ಕೊಲಂಬಿಯಾದಲ್ಲಿ 2018ರಿಂದ ಈ ಲೆಕ್ಕ ಬದಲಾಗಿದೆ. ನೆಡುವ ಜಾಗದ ಬರುವ ಹವಾಮಾನ ಹೇಗಿರುತ್ತದೋ ಅಂಥ ಹವಾಮಾನ ಈಗಾಗಲೇ ಇರುವ ಕಡೆಯಿಂದ ಬೀಜ ತರಬೇಕು ಅನ್ನುವ ಪದ್ಧತಿ ಬಂದಿದೆ. ಅದಕ್ಕೂ ಮೊದಲು, 2009ರಿಂದ, ಅಲ್ಲಿನವರು ಕೆನಡಾದ ಯೂಕಾನ್‌ನ ದಕ್ಷಿಣದಿಂದ ಕ್ಯಾಲಿಫೋರ್ನಿಯಾದವರೆಗೆ 48 ಜಾಗಗಳಲ್ಲಿ 15 ಜಾತಿಗಳ ಬೇರೆ ಬೇರೆ ಊರಿನ ಬೀಜ ನೆಟ್ಟು ಪರೀಕ್ಷೆ ಮಾಡುತ್ತಾ ಬಂದಿದ್ದಾರೆ.

ಬಿಸಿ ಜಾಗದ ಬೀಜ ಅಂತ ಬಹಳ ದೂರದಿಂದ ತರುವುದೂ ತಪ್ಪು. ಬೆಚ್ಚಗಿನ ಕಡೆಯ ಮರ ಬೇಗ ಚಿಗುರುತ್ತದೆ, ತಡವಾಗಿ ಬಂದ ಒಂದು ರಾತ್ರಿಯ ಹಿಮಕ್ಕೆ ಆ ಚಿಗುರೆಲ್ಲ ಕಪ್ಪಾಗುತ್ತದೆ. ಸಸಿ ಬದುಕಬೇಕಾದ್ದು ಮೊದಲು ಇವತ್ತಿನ ಹವಾಮಾನದಲ್ಲಿ, ಆಮೇಲೆ ನಾಳಿನದ್ದರಲ್ಲಿ ಅಲ್ವಾ? ಹಾಗಾಗಿ ಬೆರಕೆ ಮಾಡಿ. ಹೆಚ್ಚಿನ ಪಾಲು ಸ್ಥಳೀಯ ಬೀಜವೇ ಇರಲಿ, ಒಂದು ಪಾಲು ಸ್ವಲ್ಪ ಬಿಸಿ, ಸ್ವಲ್ಪ ಒಣ ಕಡೆಯದು ಇರಲಿ. ಯಾವ ಸಾಲಿನಲ್ಲಿ ಯಾವ ಬೀಜ ಅಂತ ಬರೆದಿಡುವುದನ್ನು ಮಾತ್ರ ಮರೆಯಬೇಡಿ.

ಬೀಜ ಆರಿಸುವಾಗ ಸುಲಭಕ್ಕೆ ಕೈಗೆ ಸಿಗುವ ಒಂದೆರಡು ಮರದಿಂದ ಚೀಲ ತುಂಬಬೇಡಿ. ಕನಿಷ್ಠ ಇಪ್ಪತ್ತು, ಮೂವತ್ತು ತಾಯಿಮರಗಳಿಂದ, ಒಂದಕ್ಕೊಂದು ದೂರ ಇರುವವುಗಳಿಂದ ತೆಗೆಯಿರಿ, ಇಲ್ಲದಿದ್ದರೆ ಇಡೀ ತೋಪು ಅಣ್ಣತಮ್ಮಂದಿರದ್ದೇ ಆಗುತ್ತದೆ. ಕಳೆದ ಬರದಲ್ಲಿ ಸುತ್ತಲಿನ ಮರಗಳು ಒಣಗಿದಾಗ ಹಸಿರಾಗಿ ನಿಂತ ಮರ ಯಾವುದಾದರೂ ಇದ್ದರೆ ಅದರ ಬೀಜ ಖಂಡಿತ ಸೇರಿಸಿ.

ನರ್ಸರಿಯಲ್ಲಿ ಎತ್ತರದ ಸಸಿ ನೋಡಿ ಖುಷಿಪಡಬೇಡಿ. ಒಣ ಜಾಗಕ್ಕೆ ಬೇಕಾದ್ದು ಗಿಡ್ಡಗೆ, ದಪ್ಪ ಕಾಂಡದ, ಬೇರು ತುಂಬ ಇರುವ ಸಸಿ. ಒಂದು ಸಸಿಯ ಚೀಲ ಬಿಚ್ಚಿ ಬೇರು ನೋಡಿ. ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ಆ ಸಸಿ ನೆಟ್ಟ ಮೇಲೂ ಹಾಗೇ ಸುತ್ತುತ್ತದೆ, ಕೆಳಗಿನ ನೀರು ಹುಡುಕುವುದಿಲ್ಲ, ಎಷ್ಟೋ ವರ್ಷದ ನಂತರ ಗಾಳಿಗೆ ಬುಡ ಸಮೇತ ಬೀಳುತ್ತದೆ. ನೆಡುವ ಕೆಲವು ವಾರ ಮೊದಲಿನಿಂದ ನೀರು ಕಮ್ಮಿ ಮಾಡುತ್ತಾ, ನೆರಳು ತೆಗೆಯುತ್ತಾ ಸಸಿಯನ್ನು ಗಟ್ಟಿ ಮಾಡಿ. ನೆಡುವ ದಿನವನ್ನೂ ಕ್ಯಾಲೆಂಡರ್ ನೋಡಿ ಆರಿಸಬೇಡಿ. ಗುಂಡಿಯ ಆಳದವರೆಗೂ ಮಣ್ಣು ತೇವವಾಗಿದೆಯಾ ಅಂತ ಕೈಹಾಕಿ ನೋಡಿ ನೆಡಿ. ಮೊದಲ ಮಳೆಗೇ ಆತುರಪಟ್ಟು ನೆಟ್ಟರೆ ಆಮೇಲೆ ಮೂರು ವಾರ ಬಿಸಿಲು ಬಂದಾಗ ಎಲ್ಲ ಒಣಗುತ್ತದೆ.

ಒಂದೇ ಜಾತಿಯ ತೋಪು ಮಾತ್ರ ಬೇಡ. ಜಾತಿಗಳು ಬೆರೆತಿದ್ದರೆ ಒಂದೇ ಜಾತಿಯನ್ನು ತಿನ್ನುವ ಹುಳುವಿಗೆ ಮುಂದಿನ ಮರ ಸಿಗುವುದು ಕಷ್ಟ. ಆಳಕ್ಕೆ ಬೇರು ಬಿಡುವ ಮರ, ಮೇಲೇ ಹರಡುವ ಮರ, ಎಲೆ ಉದುರಿಸುವ ಮರ ಹೀಗೆ ಬೇರೆ ಬೇರೆ ಸ್ವಭಾವದವನ್ನು ಸೇರಿಸಿ. ಹುಲ್ಲುಗಾವಲಾಗಿಯೇ ಇದ್ದ ಜಾಗದಲ್ಲಿ ಮರ ನೆಡಬೇಡಿ, ಅದು ಕಾಡಾಗಬೇಕಾದ ನೆಲವಲ್ಲ.

ಕಳೆ ಬರುವ ದಾರಿ ಮುಚ್ಚಿ

ಬೆಂಕಿ ಬಿದ್ದ ಕಡೆ, ಮರ ತೆಗೆದ ಕಡೆ, ರಸ್ತೆ ಮಾಡಿದ ಕಡೆ ಮೊದಲು ಬರುವುದು ಲಂಟಾನದಂಥ ಕಳೆ. ಹಾಗಾಗಿ ಥಿನ್ನಿಂಗ್ ಯೋಜನೆಯಲ್ಲೇ ಮುಂದಿನ ಮೂರು ವರ್ಷದ ಕಳೆ ಕೆಲಸದ ದುಡ್ಡನ್ನೂ ಸೇರಿಸಿ ಬರೆಯಿರಿ. ಲಂಟಾನವನ್ನು ಮೇಲಿಂದ ಸವರಿದರೆ ಮತ್ತೆ ದುಪ್ಪಟ್ಟು ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ರೂಪಿಸಿದ ವಿಧಾನ ಸರಳ. ನೆಲದಿಂದ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ ತಾಯಿಬೇರನ್ನೇ ಕತ್ತರಿಸಿ, ಗಿಡವನ್ನು ಎತ್ತಿ ತಲೆಕೆಳಗಾಗಿ ಇಡುವುದು. ಚಿಗುರುವ ಭಾಗವೆಲ್ಲ ಮೇಲೆ ಬಿಸಿಲಿನಲ್ಲಿ ಒಣಗುತ್ತದೆ. ಬೀಜವಾಗುವ ಮೊದಲೇ ಇದನ್ನು ಮಾಡಿ, ತೆರವಾದ ಜಾಗದಲ್ಲಿ ತಕ್ಷಣ ಸ್ಥಳೀಯ ಹುಲ್ಲಿನ ಬೀಜ ಚೆಲ್ಲಿ.

ಅಳೆಯದೆ ಮುಂದೆ ಹೋಗಬೇಡಿ

ಇದನ್ನು ಮಾಡುವವರು ಕಮ್ಮಿ. ಪ್ರತಿ ತುಂಡಿನಲ್ಲೂ ಕಾಯಂ ಅಳತೆಯ ಜಾಗ ಮಾಡಿ. ನಡುವೆ ಒಂದು ಕಬ್ಬಿಣದ ಸರಳು ಹೊಡೆದು, ಅಲ್ಲಿಂದ 11.28 ಮೀಟರ್ ಹಗ್ಗ ಹಿಡಿದು ಸುತ್ತ ಬಂದರೆ 400 ಚದರ ಮೀಟರಿನ ವೃತ್ತವಾಗುತ್ತದೆ. ಅದರೊಳಗೆ ಎಣಿಸಿದ ಮರಗಳನ್ನು 25ರಿಂದ ಗುಣಿಸಿದರೆ ಹೆಕ್ಟೇರಿಗೆ ಎಷ್ಟು ಅಂತ ಸಿಗುತ್ತದೆ. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಪ್ರತಿ ಮರದ ಸುತ್ತಳತೆ ತೆಗೆಯಿರಿ, ಅಳೆದ ಕಡೆ ಬಣ್ಣದ ಗೆರೆ ಎಳೆಯಿರಿ, ಮುಂದಿನ ಸಲವೂ ಅಲ್ಲೇ ಅಳೆಯಬೇಕು. ತುದಿ ಒಣಗಿದ ಮರ ಎಷ್ಟು, ಹೊಸ ಸಸಿ ಎಷ್ಟು, ಯಾವ ಜಾತಿ ಅಂತ ಬರೆಯಿರಿ. ಸರಳಿನ ಪಕ್ಕ ನಿಂತು ನಾಲ್ಕು ದಿಕ್ಕಿಗೂ ಫೋಟೊ ತೆಗೆಯಿರಿ, ವರ್ಷ ವರ್ಷ ಅದೇ ತಿಂಗಳಲ್ಲಿ.

ಏನೂ ಕೆಲಸ ಮಾಡದ ಒಂದು ತುಂಡನ್ನು ಹೋಲಿಕೆಗೆ ಬಿಡಿ. ಅದಿಲ್ಲದಿದ್ದರೆ ಮರಗಳು ಉಳಿದದ್ದು ನಿಮ್ಮ ಥಿನ್ನಿಂಗ್‌ನಿಂದಲೋ ಆ ವರ್ಷ ಬಂದ ಒಳ್ಳೆಯ ಮಳೆಯಿಂದಲೋ ಅಂತ ಹೇಳಲು ಆಗುವುದಿಲ್ಲ.

ಯಾವ ಅಂಕಿ ಬಂದರೆ ಯೋಜನೆ ಬದಲಾಯಿಸುತ್ತೀರಿ ಅನ್ನುವುದನ್ನು ಈಗಲೇ ಬರೆದಿಡಿ. ಉದಾಹರಣೆಗೆ, ಮೂರನೇ ವರ್ಷಕ್ಕೆ ಒಂದು ಜಾತಿಯ ಸಸಿಗಳಲ್ಲಿ ಅರ್ಧಕ್ಕಿಂತ ಕಮ್ಮಿ ಉಳಿದರೆ ಅದನ್ನು ಆ ತುಂಡಿನಲ್ಲಿ ಮತ್ತೆ ನೆಡುವುದಿಲ್ಲ. ಅಥವಾ, ದೊಡ್ಡ ಮರಗಳಲ್ಲಿ ಹತ್ತಕ್ಕೆ ಒಂದರ ತುದಿ ಒಣಗಿದರೆ ಮುಂದಿನ ಥಿನ್ನಿಂಗ್ ಎರಡು ವರ್ಷ ಮುಂಚೆಯೇ ಆಗುತ್ತದೆ. ಅಂಕಿ ನಿಮ್ಮ ಕಾಡಿಗೆ ತಕ್ಕಂತೆ ಇರಲಿ. ಕಷ್ಟ ಬಂದ ಮೇಲೆ ಕೂತು ಚರ್ಚೆ ಮಾಡಿದರೆ ಒಂದು ಹಂಗಾಮು ಅದರಲ್ಲೇ ಹೋಗುತ್ತದೆ.

ಜೊತೆಗೆ, ಯಾಕೆ ಹಾಗೆ ಮಾಡಿದಿರಿ ಅಂತಲೂ ಒಂದು ಸಾಲು ಬರೆಯಿರಿ. ಯಾವ ಬೀಜ, ಯಾವ ಊಹೆ, ಯಾವ ವರ್ಷದ ಬರ ನೋಡಿ ಈ ತೀರ್ಮಾನ ಮಾಡಿದಿರಿ ಅಂತ. ಈ ಕಾಡನ್ನು ಮೂವತ್ತು ವರ್ಷದ ಮೇಲೆ ನೋಡಿಕೊಳ್ಳುವವರು ಬೇರೆಯವರು. ಅವರು ಸರಳು ಹುಡುಕಿಕೊಂಡು ಬಂದಾಗ ಕೈಯಲ್ಲಿ ಹಿಡಿಯಲು ಕಾಗದದ ಒಂದು ಪ್ರತಿ ಕಚೇರಿಯಲ್ಲಿರಲಿ, ಇನ್ನೊಂದು ಪ್ರತಿ ಬೇರೆ ಕಡೆ ಇರಲಿ, ಕಂಪ್ಯೂಟರಿನಲ್ಲಿ ಹಾಕಿದ್ದರೂ ಸರಿ.